ಅನಿಮೆಯನ್ನು ಅವಸರದಲ್ಲಿ ನೋಡಬೇಡಿ: ಹೊಸಬರಿಗೊಂದು ಮಾರ್ಗದರ್ಶಿ

ನನ್ನ ಮೊದಲ ಅನಿಮೆ ಸರಣಿಯನ್ನು ನಾನೇ ಹಾಳು ಮಾಡಿಕೊಂಡೆ. ಒಟ್ಟು 13 ಎಪಿಸೋಡ್. ಶನಿವಾರ ರಾತ್ರಿ ಊಟ ಮಾಡಿ ಕೂತವನು ಬೆಳಗಿನ ಜಾವಕ್ಕೆ ಎಲ್ಲ ಮುಗಿಸಿದ್ದೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದ್ದೆ, ಕೈಯಲ್ಲಿ ಫೋನ್ ಬೇರೆ. ಮಾರನೇ ದಿನ ಅಕ್ಕನ ಮಗ ಫೋನ್ ಮಾಡಿ, "ಮಾಮಾ, ಹತ್ತನೇ ಎಪಿಸೋಡ್ ಹೆಂಗಿತ್ತು?" ಅಂತ ಕೇಳಿದ. ಹತ್ತನೆಯದು ಯಾವುದು ಅಂತಲೇ ನನಗೆ ಹೊಳೆಯಲಿಲ್ಲ. ತಾಯಿ, ಸಣ್ಣ ಮಗಳು, ಕಾಗದ ಅಂತ ಅವನೇ ನೆನಪು ಮಾಡಿಕೊಟ್ಟ. "ಹಾಂ, ಚೆನ್ನಾಗಿತ್ತು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಅದನ್ನ ನೋಡೇ ಇಲ್ಲ ಬಿಡ್ರಿ" ಅಂದ.

ಹುಡುಗ ಹೇಳಿದ್ದು ಸರಿ. ಆ ಸರಣಿಯ ಹೆಸರು 'ವಯೊಲೆಟ್ ಎವರ್‌ಗಾರ್ಡನ್', 2018ರದ್ದು. ಎರಡು ವರ್ಷ ಬಿಟ್ಟು ಅದನ್ನೇ ನಿಧಾನವಾಗಿ ನೋಡಿದಾಗ ಹತ್ತನೇ ಎಪಿಸೋಡ್ ಮುಗಿದ ಮೇಲೆ ಟೀವಿ ಆರಿಸಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಕಥೆ ಅದೇ, ಚಿತ್ರಗಳೂ ಅವೇ. ನಾನು ನೋಡಿದ ರೀತಿ ಮಾತ್ರ ಬೇರೆ ಇತ್ತು. ಅನಿಮೆ ಸಣ್ಣ ಸಣ್ಣ ವಿಷಯಕ್ಕೆ ತುಂಬಾ ಹೊತ್ತು ಕೊಡುತ್ತದೆ. ನಾವೂ ಅಷ್ಟು ಹೊತ್ತು ಕೊಡದಿದ್ದರೆ ಅದು ಬರೀ ಬಣ್ಣದ ಬೊಂಬೆ. ಹಾಗೆ ಹೊತ್ತು ಕೊಡುವುದನ್ನು ನಾನು ಹೇಗೆ ಕಲಿತೆ ಅನ್ನೋದನ್ನು ಹಂತ ಹಂತವಾಗಿ ಹೇಳುತ್ತೇನೆ. ನಡುವೆ ಕೆಲವು ಕಥೆಗಳ ಗುಟ್ಟು ಬಿಡಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೆಜ್ಜೆ 1: ನೀವು ಆಗಲೇ ನೋಡಿದ್ದನ್ನು ನೆನಪಿಸಿಕೊಳ್ಳಿ

ಅನಿಮೆ ಅಂದ್ರೆ ಜಪಾನಿನ ಅನಿಮೇಷನ್, ಅಷ್ಟೇ. ದೊಡ್ಡ ಕಣ್ಣು, ನೀಲಿ ಕೂದಲು ಇರಲೇಬೇಕು ಅಂತೇನಿಲ್ಲ. 90ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕೂತು ಮೋಗ್ಲಿಯನ್ನು ನೋಡಿದವರೆಲ್ಲ ಅನಿಮೆ ನೋಡಿದವರೇ. ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ಶುರುಮಾಡಿದ 52 ಎಪಿಸೋಡ್‌ಗಳ ಸರಣಿ ಅದು. ಬಾಯಿಪಾಠ ಆಗಿದ್ದ ಆ ಹಿಂದಿ ಹಾಡು, ಶೇರ್ ಖಾನ್‌ಗೆ ನಾನಾ ಪಾಟೇಕರ್ ಕೊಟ್ಟ ದನಿ, ಇವು ಮಾತ್ರ ನಮ್ಮವರು ಸೇರಿಸಿದ್ದು. ಜಪಾನಿನ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಸೇರಿ ಮಾಡಿದ ರಾಮಾಯಣದ ಚಿತ್ರವೂ ಅನಿಮೆಯೇ. 2025ರ ಜನವರಿಯಲ್ಲಿ ಅದು ಮತ್ತೆ ನಮ್ಮ ಥಿಯೇಟರುಗಳಿಗೆ ಬಂದಿತ್ತು.

ಮೋಗ್ಲಿಯಲ್ಲಿ ಯಾವ ದೃಶ್ಯ ನಿಮಗೆ ಇನ್ನೂ ನೆನಪಿದೆ? ನನಗಂತೂ ಹೊಡೆದಾಟ ಒಂದೂ ನೆನಪಿಲ್ಲ. ಕಾಡಿನಲ್ಲಿ ಹುಡುಗ ಒಬ್ಬನೇ ಕೂತಿರುವುದು, ಮೇಲೆ ಎಲೆ ಅಲ್ಲಾಡುವುದು, ಅದಿದೆ. ನಿಮ್ಮದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೊನೆಗೆ ಬೇಕಾಗುತ್ತದೆ.

ಹೆಜ್ಜೆ 2: ಚಿಕ್ಕದನ್ನು ಆರಿಸಿ

ಹೊಸಬರು ಮಾಡುವ ದೊಡ್ಡ ತಪ್ಪು ಅಂದ್ರೆ ಎಲ್ಲರೂ ಹೊಗಳುವ ಉದ್ದದ ಸರಣಿಗೆ ಕೈ ಹಾಕುವುದು. 'ಒನ್ ಪೀಸ್' 1999ರಲ್ಲಿ ಶುರುವಾಗಿದ್ದು, ಸಾವಿರ ಎಪಿಸೋಡ್ ದಾಟಿದೆ. ಈಜು ಬಾರದವರು ತುಂಗಭದ್ರೆಗೆ ಹಾರಿದ ಹಾಗಾಗುತ್ತದೆ. ಮೊದಲು ಒಂದು ಸಿನಿಮಾ ನೋಡಿ, ಇಲ್ಲವೇ 12-13 ಎಪಿಸೋಡ್‌ಗಳ ಸರಣಿ.

ಮನೆಮಂದಿಯೆಲ್ಲ ಕೂತು ನೋಡುವುದಾದರೆ 'ಮೈ ನೇಬರ್ ಟೊಟೊರೊ'. ಒಬ್ಬರೇ ಇದ್ದೀರಾ, ಎರಡು ಗಂಟೆ ಪುರಸೊತ್ತಿದೆಯಾ, ಹಾಗಾದರೆ 'ಸ್ಪಿರಿಟೆಡ್ ಅವೇ'. 2001ರಲ್ಲಿ ಬಂದ ಈ ಚಿತ್ರಕ್ಕೆ 2003ರಲ್ಲಿ ಆಸ್ಕರ್ ಸಿಕ್ಕಿತು. ಕಾಲೇಜು ವಯಸ್ಸಿನವರಿಗೆ ನಾನು ಹೇಳುವುದು 'ಎ ಸೈಲೆಂಟ್ ವಾಯ್ಸ್'. ಕಿವಿ ಕೇಳದ ಹುಡುಗಿಯನ್ನು ಶಾಲೆಯಲ್ಲಿ ಗೋಳು ಹೊಯ್ದುಕೊಂಡ ಹುಡುಗ ದೊಡ್ಡವನಾದ ಮೇಲೆ ಯಾರ ಮುಖವನ್ನೂ ನೋಡಲಾರ. ಅವನ ಕಣ್ಣಿಗೆ ಎಲ್ಲರ ಮುಖದ ಮೇಲೂ ನೀಲಿ ಬಣ್ಣದ ಒಂದು ಗುಣಿಸು ಚಿಹ್ನೆ. ಯಾರನ್ನಾದರೂ ಹತ್ತಿರ ಬಿಟ್ಟುಕೊಂಡಾಗ ಅವರ ಮುಖದಿಂದ ಅದು ಕಳಚಿ ಬೀಳುತ್ತದೆ. ನಟರನ್ನು ಇಟ್ಟುಕೊಂಡು ಕ್ಯಾಮೆರಾದಲ್ಲಿ ತೆಗೆಯುವ ಚಿತ್ರದಲ್ಲಿ ಇದನ್ನು ಮಾಡಿದರೆ ನಗು ಬರುತ್ತದೇನೋ. ಬಿಡಿಸಿದ ಚಿತ್ರದಲ್ಲಿ ಮಾತ್ರ ಒಪ್ಪಿಕೊಂಡುಬಿಡುತ್ತೇವೆ.

ಸರಣಿ ಆರಿಸಿಕೊಂಡರೆ ಅನಿಮೆ ಹುಡುಗರ ಮೂರು ಎಪಿಸೋಡ್ ಲೆಕ್ಕ ಪಾಲಿಸಿ. ಮೂರು ನೋಡುವ ತನಕ ತೀರ್ಪು ಕೊಡಬಾರದು, ಮೂರು ನೋಡಿದ ಮೇಲೂ ಹಿಡಿಸದಿದ್ದರೆ ಮುಲಾಜಿಲ್ಲದೆ ಬಿಡಬೇಕು. ಒಂದು ಎಪಿಸೋಡ್ ಹತ್ತಿರ ಹತ್ತಿರ 24 ನಿಮಿಷ. ಮೂರು ಅಂದ್ರೆ ಬಸ್ಸಿನಲ್ಲಿ ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವಷ್ಟು ಹೊತ್ತೂ ಆಗಲ್ಲ.

ಇಷ್ಟಕ್ಕೂ ಅನಿಮೆಯಲ್ಲಿ ಕಸವೂ ಬೇಕಾದಷ್ಟಿದೆ. ಸುಮ್ನೆ ಕಿರುಚಾಟ, ಹೆಣ್ಣುಮಕ್ಕಳನ್ನು ಕೆಟ್ಟದಾಗಿ ತೋರಿಸುವುದು, ವಯಲಿನ್ ಹಾಕಿ ಈಗ ಅಳಿ ಅಂತ ಒತ್ತಾಯ ಮಾಡುವುದು ಎಲ್ಲ ಉಂಟು. ಕಾರ್ಟೂನ್ ತಾನೇ ಅಂತ ಮಕ್ಕಳ ಕೈಗೆ ಕೊಡುವ ಮುಂಚೆ ಎಷ್ಟು ವಯಸ್ಸಿನವರಿಗೆ ಅಂತ ಬರೆದಿದ್ದಾರೆ ನೋಡಿ.

ಹೆಜ್ಜೆ 3: ಮೂರು ಸೆಟ್ಟಿಂಗ್ ಬದಲಿಸಿ

ವೇಗ ಮಾಮೂಲಿಗೆ ತನ್ನಿ. ಮುಂದಿನ ಎಪಿಸೋಡ್ ತಾನಾಗಿ ಶುರುವಾಗುವುದನ್ನು ನಿಲ್ಲಿಸಿ. ಆಡಿಯೋ ಜಪಾನೀಸ್‌ಗೆ ಇಡಿ.

ಎರಡನೆಯದನ್ನು ಮರೆತು ನಾನು ಒಮ್ಮೆ ಅನುಭವಿಸಿದ್ದೇನೆ. ಒಂದು ಸಾವಿನ ದೃಶ್ಯ ಮುಗಿದು ಕೊನೆಯ ಹಾಡು ಶುರುವಾಯಿತು. ತಕ್ಷಣ ಪರದೆ ಮೂಲೆಗೆ ಸರಿದು ಯಾವುದೋ ಅಡುಗೆ ಸ್ಪರ್ಧೆಯ ಜಾಹೀರಾತು ಬಂತು. ಕೊನೆಯ ಹಾಡು ಸಾಮಾನ್ಯವಾಗಿ ಒಂದೂವರೆ ನಿಮಿಷ. ಅದು ನಮಗೆ ಉಸಿರಾಡಲು ಬಿಟ್ಟ ಜಾಗ. ಅದರಲ್ಲಿ ಓಡುವ ಹೆಸರುಗಳನ್ನೂ ನೋಡಿ. 'ವಯೊಲೆಟ್ ಎವರ್‌ಗಾರ್ಡನ್' ಮಾಡಿದ ಕ್ಯೋಟೊ ಅನಿಮೇಷನ್ ಸ್ಟುಡಿಯೋಗೆ 2019ರ ಜುಲೈ 18ರಂದು ಒಬ್ಬ ಬೆಂಕಿ ಹಚ್ಚಿದ. 36 ಜನ ಸತ್ತರು. ಅದು ಗೊತ್ತಾದ ಮೇಲೆ ಹೆಸರುಗಳನ್ನು ಓಡಿಸಲು ನನಗೆ ಮನಸ್ಸು ಬಂದಿಲ್ಲ.

ಹೆಜ್ಜೆ 4: ಕಿವಿಯನ್ನು ಸಬ್‌ಟೈಟಲ್‌ಗೆ ಒಪ್ಪಿಸಬೇಡಿ

ಕನ್ನಡದವರಿಗೆ ಇಲ್ಲೊಂದು ಲಾಭ ಇದೆ. ಜಪಾನೀಸ್‌ನಲ್ಲೂ ನಮ್ಮ ಹಾಗೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ನಾನು ನಿನ್ನನ್ನು..." ಅಂತ ಯಾರಾದರೂ ತಡವರಿಸಿ ನಿಂತರೆ ಮುಂದೆ ಕ್ಷಮಿಸಿದೆನೋ, ಮರೆತೆನೋ, ಕಾಯುತ್ತೇನೋ ಅಂತ ನಮ್ಮ ಜೀವ ಹಿಡಿದುಕೊಳ್ಳುತ್ತದೆ ಅಲ್ವಾ? ಜಪಾನೀಸ್ ಪಾತ್ರಗಳು ತಡವರಿಸುವುದೂ ಬಹಳ ಸಲ ಅಲ್ಲೇ. ಆದರೆ ಇಂಗ್ಲಿಷ್ ಸಬ್‌ಟೈಟಲ್ ಪೂರ್ತಿ ವಾಕ್ಯವನ್ನು ಒಂದೇ ಸಲ ಕೆಳಗೆ ಇಟ್ಟುಬಿಡುತ್ತದೆ. ಪಾತ್ರ ಹೇಳುವ ಮುಂಚೆ ನಾವು ಓದಿ ಮುಗಿಸಿರುತ್ತೇವೆ.

ಹಾಗಾಗಿ ಸಾಲನ್ನು ಒಮ್ಮೆ ಸರಕ್ಕನೆ ಓದಿ ಕಣ್ಣನ್ನು ಮುಖದ ಮೇಲೆ ವಾಪಸ್ ತನ್ನಿ. ದನಿ ಎಲ್ಲಿ ನಿಲ್ಲುತ್ತದೆ ಕೇಳಿ. ನಾಲ್ಕೈದು ಎಪಿಸೋಡ್‌ನಲ್ಲಿ ಅಭ್ಯಾಸ ಆಗುತ್ತದೆ.

ಇನ್ನೊಂದು ವಿಷಯ, ಕರೆಯುವ ರೀತಿ. ಹೆಸರಿನ ಕೊನೆಗೆ ಸಾನ್, ಚಾನ್, ಕುನ್ ಅಂತ ಕೇಳಿಸುತ್ತಿರುತ್ತದೆ. ನಮ್ಮ ರೀ, ಅಪ್ಪಾ, ಪುಟ್ಟಾ ಇದ್ದ ಹಾಗೆ. ಇಂಗ್ಲಿಷ್‌ನಲ್ಲಿ ಇವು ಹೆಚ್ಚಾಗಿ ಬಿದ್ದುಹೋಗುತ್ತವೆ. ಪುಟ್ಟ ತಂಗಿ ಸಿನಿಮಾ ಪೂರ್ತಿ "ನೀಚಾನ್" ಅಂತ ಕೂಗುತ್ತಿದ್ದರೆ ಕೆಳಗೆ ಹುಡುಗನ ಹೆಸರು ಬರುತ್ತಿರಬಹುದು. ಅವಳು ಕೂಗುತ್ತಿರುವುದು ಅಣ್ಣಾ ಅಂತ. ಅಣ್ಣಾ ಅನ್ನುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹೆಜ್ಜೆ 5: ಏನೂ ನಡೆಯದ ಕಡೆ ಎಚ್ಚರ ಇರಲಿ

ಇದು ನನಗೆ ಕಲಿಯಲು ತುಂಬಾ ದಿನ ಹಿಡಿದ ಹೆಜ್ಜೆ.

ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಝುಕಾ 1963ರ ಜನವರಿ 1ರಿಂದ 'ಆಸ್ಟ್ರೋ ಬಾಯ್' ಅನ್ನು ವಾರಕ್ಕೊಂದರಂತೆ ಟೀವಿಗೆ ಕೊಡಲು ಶುರುಮಾಡಿದಾಗ ಅವರ ಹತ್ತಿರ ದುಡ್ಡೂ ಕಡಿಮೆ, ಹೊತ್ತೂ ಕಡಿಮೆ. ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯುತ್ತ ಕೂತರೆ ವಾರದಲ್ಲಿ ಮುಗಿಯುವ ಮಾತಲ್ಲ. ಅದಕ್ಕೆ ಒಂದೇ ಚಿತ್ರವನ್ನು ಮೂರು ಫ್ರೇಮ್ ತನಕ ನಿಲ್ಲಿಸಿದರು. ಸೆಕೆಂಡಿಗೆ 8 ಚಿತ್ರ ಸಾಕಾಯಿತು. ಮುಖ ಹಾಗೇ ಇಟ್ಟು ಬಾಯಿ ಮಾತ್ರ ಆಡಿಸಿದರು. ಒಮ್ಮೆ ಬರೆದದ್ದನ್ನು ಇನ್ನೊಂದು ಕಡೆ ಬಳಸಿಕೊಂಡರು. ಎಲ್ಲ ಉಳಿತಾಯದ ಉಪಾಯ.

ಹಳೇ ಸೀರೆಯ ಚೂರು ಸೇರಿಸಿ ನಮ್ಮ ಕಡೆ ಕೌದಿ ಹೊಲಿಯುತ್ತಾರಲ್ಲ, ಹಾಗಾಯಿತು ಇದು. ಬಡತನಕ್ಕೆ ಹುಟ್ಟಿದ್ದು ಆಮೇಲೆ ಸೊಗಸೇ ಆಗಿಬಿಟ್ಟಿತು. ಮುಂದೆ ಬಂದವರು ನಿಂತ ಚಿತ್ರವನ್ನು ಬೇಕಂತಲೇ ಬಳಸಿದರು. ಖಾಲಿ ತರಗತಿ, ಕರೆಂಟ್ ತಂತಿ, ಸಂಜೆ ಆಕಾಶ, ನೀರು ತೊಟ್ಟಿಕ್ಕುವ ನಲ್ಲಿ. ಮೊದಲು ಇವು ಬಂದಾಗ ನಾನು ಫೋನ್ ಕಡೆ ತಿರುಗುತ್ತಿದ್ದೆ. ಈಗ ಅಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಈಗ ಯಾರು ನೋಡುತ್ತಿದ್ದಾರೆ? ಅರ್ಧದಷ್ಟು ಸಲ ಉತ್ತರ ಸಿಗುತ್ತದೆ. ಮಾತಾಡಲಾಗದ ಪಾತ್ರ ಕಿಟಕಿಯ ಕಡೆ ತಿರುಗಿರುತ್ತದೆ, ನಾವು ಅದರ ಕಣ್ಣಿನಿಂದ ತಂತಿ ನೋಡುತ್ತಿರುತ್ತೇವೆ.

'ಸ್ಪಿರಿಟೆಡ್ ಅವೇ'ಯ ರೈಲು ಪ್ರಯಾಣದಲ್ಲಿ ಇದನ್ನು ಅಭ್ಯಾಸ ಮಾಡಿ. ಹತ್ತು ವರ್ಷದ ಚಿಹಿರೊ ಗೆಳೆಯನ ಜೀವ ಉಳಿಸಲು ಗೊತ್ತಿಲ್ಲದ ಊರಿಗೆ ಹೊರಟಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಓಟ, ಹೊಡೆದಾಟ ಇಡುತ್ತಿದ್ದರು. ನಿರ್ದೇಶಕ ಹಯಾವೊ ಮಿಯಾಝಾಕಿ ಅವಳನ್ನು ಸುಮ್ನೆ ಸೀಟಿನಲ್ಲಿ ಕೂರಿಸುತ್ತಾರೆ. ನೀರಿನ ಮೇಲೆ ರೈಲು ಹೋಗುತ್ತದೆ. ನೆರಳಿನಂಥ ಪ್ರಯಾಣಿಕರು ಇಳಿಯುತ್ತಾರೆ. ಕತ್ತಲಾಗುತ್ತದೆ. ಮಾತು ಇಲ್ಲವೇ ಇಲ್ಲ ಅನ್ನಬಹುದು. ಸಿನಿಮಾದ ಶುರುವಿನಲ್ಲಿ ಕಾರಿನ ಹಿಂದಿನ ಸೀಟಲ್ಲಿ ಮುಖ ಊದಿಸಿಕೊಂಡು ಬಿದ್ದಿದ್ದ ಹುಡುಗಿ ಇವಳೇನಾ ಅಂತ ನಮಗೆ ಅನ್ನಿಸುವುದು ಆ ಬಿಡುವಿನಲ್ಲೇ.

ಮಿಯಾಝಾಕಿ ಒಮ್ಮೆ ಅಮೆರಿಕದ ವಿಮರ್ಶಕ ರಾಜರ್ ಈಬರ್ಟ್ ಎದುರು ಚಪ್ಪಾಳೆ ತಟ್ಟಿ ತೋರಿಸಿ, ಎರಡು ಚಪ್ಪಾಳೆಗಳ ನಡುವಿನ ಹೊತ್ತಿಗೆ ಜಪಾನೀಸ್‌ನಲ್ಲಿ 'ಮಾ' ಅನ್ನುತ್ತಾರೆ ಎಂದು ವಿವರಿಸಿದ್ದರು. ಭಜನೆಯಲ್ಲಿ ತಾಳ ಹಾಕಿದವರಿಗೆ ಇದು ಹೊಸ ಮಾತೇನಲ್ಲ. ಪೆಟ್ಟು ಎಷ್ಟೇ ಜೋರಾಗಿರಲಿ, ನಡುವಿನ ಬಿಡುವು ತಪ್ಪಿದರೆ ತಾಳವೇ ತಪ್ಪಿತು. ಒಂದೂವರೆ ಪಟ್ಟು ವೇಗದಲ್ಲಿ ನಾನು ಕಳೆದುಕೊಂಡದ್ದು ಈ ಬಿಡುವನ್ನೇ.

ಹೆಜ್ಜೆ 6: ಯಾರು ಯಾರಿಗೆ ಉಣ್ಣಿಸುತ್ತಾರೆ ನೋಡಿ

ಅದೇ ಚಿತ್ರದಲ್ಲಿ ಚಿಹಿರೊಳ ಅಪ್ಪ ಅಮ್ಮ ಹಂದಿಗಳಾಗಿಬಿಡುತ್ತಾರೆ. ಅವಳು ಹೆದರುತ್ತಾಳೆ, ಓಡುತ್ತಾಳೆ, ಕೆಲಸ ಕೊಡಿ ಅಂತ ಮಾಟಗಾತಿಯ ಮುಂದೆ ನಿಲ್ಲುತ್ತಾಳೆ. ಮಾರನೇ ದಿನ ಹಾಕು ಅನ್ನುವ ಹುಡುಗ ತೋಟದಲ್ಲಿ ಕೂರಿಸಿ ಅವಳಿಗೆ ಅನ್ನದ ಉಂಡೆ ಕೊಡುತ್ತಾನೆ. ಒಂದು ತುತ್ತು ತಿನ್ನುತ್ತಾಳೆ. ಇನ್ನೊಂದು. ಆಮೇಲೆ ದಪ್ಪ ದಪ್ಪ ಹನಿ ಉದುರುತ್ತವೆ, ಅಳುತ್ತಲೇ ತಿನ್ನುತ್ತಾಳೆ.

ಸಾವಿನ ಮನೆಯಲ್ಲಿ ಇದನ್ನು ನೀವೂ ಕಂಡಿರುತ್ತೀರಿ. ಬೆಳಗಿನಿಂದ ಕಲ್ಲಿನ ಹಾಗೆ ಓಡಾಡಿದವರು, ಪಕ್ಕದ ಮನೆಯವರು ಒತ್ತಾಯ ಮಾಡಿ ತಟ್ಟೆ ಮುಂದಿಟ್ಟಾಗ ಮೊದಲ ತುತ್ತಿಗೇ ಒಡೆದುಹೋಗುತ್ತಾರೆ. ಅನಿಮೆಯಲ್ಲಿ ಊಟವನ್ನು ಚೆನ್ನಾಗಿ ಬಿಡಿಸುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಹಬೆ, ಬಣ್ಣ ನೋಡಿ ನಿಂತುಬಿಡಬೇಡಿ. ಕೊಟ್ಟವರು ಯಾರು, ತಿಂದವರು ಯಾರು, ಯಾರ ತಟ್ಟೆ ಖಾಲಿ ಇದೆ ಅಂತ ನೋಡಿ.

ಈಗ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಇಸಾವೊ ತಾಕಾಹಾತಾ 1988ರಲ್ಲಿ ಮಾಡಿದ್ದು, 89 ನಿಮಿಷ. ಇದನ್ನು ಮೊದಲ ಅನಿಮೆಯಾಗಿ ನೋಡಬೇಡಿ, ಸಣ್ಣ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೂ ಬೇಡಿ. 1945ರಲ್ಲಿ ಕೋಬೆ ನಗರದ ಮೇಲೆ ಬೆಂಕಿ ಬಾಂಬ್ ಬಿದ್ದು ತಾಯಿ ಸತ್ತ ಮೇಲೆ ಸೆಯಿತಾ ಮತ್ತು ಅವನ ಪುಟ್ಟ ತಂಗಿ ಸೆತ್ಸುಕೊ ಏನಾದರು ಅನ್ನುವುದು ಕಥೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಯುದ್ಧದ ಹಸಿವಿನಲ್ಲಿ ತಮ್ಮ ತಂಗಿಯನ್ನು ಕಳೆದುಕೊಂಡವರು.

ಇಬ್ಬರೂ ಉಳಿಯುವುದಿಲ್ಲ ಅಂತ ಚಿತ್ರ ಮೊದಲ ಐದು ನಿಮಿಷದಲ್ಲೇ ಹೇಳಿಬಿಡುತ್ತದೆ. ಮುಂದೇನು ಅನ್ನುವ ಕುತೂಹಲ ಅಲ್ಲಿಗೆ ಮುಗಿಯಿತು. ಪುಣ್ಯಕೋಟಿಯ ಕಥೆ ಎಷ್ಟನೇ ಸಲ ಕೇಳಿದರೂ ಹಸು ಕರುವಿಗೆ ಬುದ್ಧಿ ಹೇಳಿ ಹೊರಡುವಾಗ ಗಂಟಲು ಕಟ್ಟುತ್ತದಲ್ಲ, ಇಲ್ಲೂ ಹಾಗೆಯೇ. ಕೊನೆ ಗೊತ್ತಿರುವುದರಿಂದಲೇ ಅವರು ನಗುವ ದೃಶ್ಯಗಳನ್ನು ನೋಡುವುದು ಜಾಸ್ತಿ ಕಷ್ಟ.

ಇಡೀ ಚಿತ್ರದಲ್ಲಿ ಒಂದು ತಗಡಿನ ಡಬ್ಬಿ ಓಡಾಡುತ್ತದೆ. ಹಣ್ಣಿನ ರುಚಿಯ ಪೆಪ್ಪರ್‌ಮಿಂಟ್ ಡಬ್ಬಿ. ಖಾಲಿಯಾದ ಮೇಲೆ ಅಣ್ಣ ಅದಕ್ಕೆ ನೀರು ಹಾಕಿ ಅಲ್ಲಾಡಿಸಿ ಕುಡಿಸುತ್ತಾನೆ. ಎಷ್ಟೋ ದಿನದ ಮೇಲೆ ಹಸಿವಿಗೆ ಸೋತ ತಂಗಿ ಮಣ್ಣಿನಲ್ಲಿ ಅನ್ನದ ಉಂಡೆ ಮಾಡಿ ಅಣ್ಣನಿಗೆ ಊಟ ಮಾಡು ಅನ್ನುತ್ತಾಳೆ. ಉಣ್ಣಿಸುವವರು ಅದಲುಬದಲಾಗಿದ್ದಾರೆ.

ಇದನ್ನು ನಾನು ಅವ್ವನ ಜೊತೆ ನೋಡಿದೆ. ಅವಳಿಗೆ ಸಬ್‌ಟೈಟಲ್ ಬೇಕಾಗಲಿಲ್ಲ, ಎರಡು ಮೂರು ಕಡೆ ಮಾತ್ರ ನಾನು ಹೇಳಿದೆ. ಮಕ್ಕಳನ್ನು ಇಟ್ಟುಕೊಂಡ ಸಂಬಂಧಿಕಳು ತನ್ನ ಮನೆಯವರಿಗೆ ಗಟ್ಟಿ ಅನ್ನ ಬಡಿಸಿ ಇವರಿಗೆ ಗಂಜಿ ಹಾಕುವಾಗ ನನಗೆ ಸಿಟ್ಟು ಬಂದು ಏನೋ ಬೈದೆ. ಅವ್ವ ಟೀವಿಯಿಂದ ಕಣ್ಣು ತೆಗೆಯದೆ, "ಆಕಿದೂ ತಪ್ಪಿಲ್ಲ ಬಿಡಪಾ. ಮನ್ಯಾಗ ಕಾಳಿಲ್ದಾಗ ಮನುಷ್ಯಾ ಹಂಗ ಆಗ್ತಾನ" ಅಂದಳು. ತಾನು ಸಣ್ಣವಳಿದ್ದಾಗ ಬರ ಬಿದ್ದದ್ದು, ರೇಷನ್ನಿನ ಕೆಂಪು ಜೋಳದ ರೊಟ್ಟಿ ತಿಂದದ್ದು, ಮನೆಗೆ ಬಂದ ನೆಂಟರನ್ನು ಕಂಡು ಅಜ್ಜಿ ಒಳಗೆ ಹೋಗಿ ಡಬ್ಬಿ ತಡಕಾಡುತ್ತಿದ್ದದ್ದು, ಇವನ್ನೆಲ್ಲ ಆವತ್ತು ಹೇಳಿದಳು. ಇಷ್ಟು ವರ್ಷ ನನಗೆ ಹೇಳಿರಲಿಲ್ಲ.

ಹಾಗಾಗಿ ಈ ಹೆಜ್ಜೆಗೆ ಒಂದು ಉಪಹೆಜ್ಜೆ: ಸಾಧ್ಯವಾದರೆ ಹಿರಿಯರ ಜೊತೆ ನೋಡಿ. ಅವರು ನಡುವೆ ಮಾತಾಡಿದರೆ ತಡೆಯಬೇಡಿ, ಬೇಕಾದರೆ ಪಾಜ್ ಒತ್ತಿ.

ಹೆಜ್ಜೆ 7: ಒಮ್ಮೆಗೆ ಒಂದೇ ಎಪಿಸೋಡ್

ಸರಣಿ ನೋಡುವಾಗ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಟೀವಿಯಲ್ಲಿ ವಾರಕ್ಕೊಮ್ಮೆ ಬರಲಿ ಅಂತಲೇ ಕಟ್ಟಿದ ಕಥೆಗಳು ಇವು. ನಡುವಿನ ದಿನಗಳಲ್ಲಿ ಪಾತ್ರಗಳು ನಮ್ಮ ತಲೆಯಲ್ಲಿ ಓಡಾಡಿಕೊಂಡಿರಬೇಕು.

'ಫ್ರೀರೆನ್' ಇದಕ್ಕೆ ಹೇಳಿ ಮಾಡಿಸಿದ ಸರಣಿ. 2023ರಲ್ಲಿ ಶುರುವಾದ ಅದರ ಮೊದಲ ಸೀಸನ್ 28 ಎಪಿಸೋಡ್. ರಾಕ್ಷಸ ರಾಜನನ್ನು ಕೊಂದು ನಾಲ್ವರು ಊರಿಗೆ ವಾಪಸ್ ಬರುವಲ್ಲಿಂದ ಕಥೆ ಶುರು. ಬೇರೆ ಕಥೆಗಳು ಮುಗಿಯುವ ಜಾಗ ಅದು. ನಾಲ್ವರಲ್ಲಿ ಫ್ರೀರೆನ್ ಸಾವಿರಕ್ಕೂ ಹೆಚ್ಚು ವರ್ಷ ಬದುಕಿರುವವಳು. ಗೆಳೆಯರ ಜೊತೆ ಕಳೆದ ಹತ್ತು ವರ್ಷ ಅವಳ ಲೆಕ್ಕದಲ್ಲಿ ಚಿಲ್ಲರೆ. ಐವತ್ತು ವರ್ಷ ಬಿಟ್ಟು ಬಂದು ನೋಡಿದರೆ ವೀರ ಹಿಮ್ಮೆಲ್ ಕುಳ್ಳಗಾಗಿ, ತಲೆ ಬೋಳಾಗಿ ನಿಂತಿದ್ದಾನೆ. ಸ್ವಲ್ಪ ದಿನಕ್ಕೇ ತೀರಿಕೊಳ್ಳುತ್ತಾನೆ. ಮಣ್ಣು ಮಾಡುವಾಗ ಅವಳಿಗೆ ಇದ್ದಕ್ಕಿದ್ದ ಹಾಗೆ ಅಳು ಬರುತ್ತದೆ. ಇವನನ್ನು ನಾನು ಯಾಕೆ ಸರಿಯಾಗಿ ತಿಳಿದುಕೊಳ್ಳಲಿಲ್ಲ ಅನ್ನುತ್ತಾಳೆ. ಮುಂದಿನದ್ದೆಲ್ಲ ಅವಳು ಹಳೇ ದಾರಿಯಲ್ಲೇ ಮತ್ತೆ ನಡೆಯುವುದು. ಒಂದು ಹೂವು, ಒಂದು ಮೂರ್ತಿ, ಹಿಮ್ಮೆಲ್ ಆಡಿದ ಒಂದು ಹಗುರ ಮಾತು, ಎಲ್ಲ ತಡವಾಗಿ ಅರ್ಥವಾಗುತ್ತವೆ. ಇದನ್ನು ನಾನು 28 ದಿನ ತೆಗೆದುಕೊಂಡು ನೋಡಿದೆ. ಎಂಟನೇ ದಿನವೋ ಒಂಬತ್ತನೇ ದಿನವೋ ನಮ್ಮ ಹಳೇ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಏನೂ ವಿಶೇಷ ಇರಲಿಲ್ಲ, ಸುಮ್ನೆ.

ಇನ್ನು ಆ ಹತ್ತನೇ ಎಪಿಸೋಡ್. ಕಾಯಿಲೆಯ ತಾಯಿ ಒಬ್ಬಳು ಏಳು ದಿನ ಕೂತು, ಬೇರೆಯವರ ಪರವಾಗಿ ಕಾಗದ ಬರೆದುಕೊಡುವ ವಯೊಲೆಟ್ ಕೈಯಲ್ಲಿ ಕಾಗದ ಬರೆಸುತ್ತಾಳೆ. ಅಮ್ಮ ತನ್ನ ಜೊತೆ ಆಡದೆ ಯಾರಿಗೋ ಬರೆಸುತ್ತಿದ್ದಾಳೆ ಅಂತ ಮಗಳು ಆ್ಯನ್‌ಗೆ ಸಿಟ್ಟು. ಕಾಗದ ಯಾರಿಗೆ ಅನ್ನುವುದನ್ನು ನಾನು ಹೇಳುವುದಿಲ್ಲ. ಹಿಂದಿನ ಒಂಬತ್ತು ಎಪಿಸೋಡ್‌ಗಳಲ್ಲಿ ವಯೊಲೆಟ್ ಮುಖ ಹೇಗಿತ್ತು ಅಂತ ನೆನಪಿಟ್ಟುಕೊಂಡು ಇದರ ಕೊನೆಯ ಎರಡು ನಿಮಿಷ ನೋಡಿ, ಸಾಕು.

ಅಳು ಬರಲಿಲ್ಲವಾ? ಪರವಾಗಿಲ್ಲ. ನಿಮ್ಮಲ್ಲಿ ಏನೋ ಕೊರತೆ ಅಂತಲ್ಲ.

ಹೆಜ್ಜೆ 8: ಮೂರು ಸಾಲು ಬರೆಯಿರಿ

ಮುಗಿದ ಕೂಡಲೇ ನೆಟ್‌ನಲ್ಲಿ ಉಳಿದವರು ಏನಂದರು ಅಂತ ಹುಡುಕಬೇಡಿ. ಕನ್ನಡದಲ್ಲಿ ಮೂರು ಸಾಲು ಬರೆಯಿರಿ. ನೆನಪಿರುವ ಒಂದು ಚಿತ್ರ, ಒಂದು ಸದ್ದು, ಮತ್ತು ಆಗ ನಿಮಗೆ ಯಾರ ನೆನಪು ಬಂತು. ತುಂಬಾ ಇಷ್ಟವಾಯಿತು, ಮನ ಮುಟ್ಟಿತು ಇಂಥವು ಲೆಕ್ಕಕ್ಕಿಲ್ಲ. ಮೊದಲ ಹೆಜ್ಜೆಯ ಮೋಗ್ಲಿ ಚೀಟಿಯನ್ನು ಇದರ ಪಕ್ಕ ಇಟ್ಟು ನೋಡಿ. ನಿಮ್ಮನ್ನು ಯಾವ ಥರದ ದೃಶ್ಯ ಹಿಡಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ, ಮುಂದಿನದನ್ನು ಆರಿಸುವುದು ಸುಲಭ.

ಒಂದು ವಾರ ಬಿಟ್ಟು ಮೊದಲ ಐದು ನಿಮಿಷ ಮಾತ್ರ ಮತ್ತೆ ನೋಡಿ. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಶುರುವಿನಲ್ಲಿ ರೈಲ್ವೆ ನಿಲ್ದಾಣದ ಕೆಲಸಗಾರನೊಬ್ಬ ಸತ್ತ ಹುಡುಗನ ಹತ್ತಿರ ಸಿಕ್ಕ ತಗಡಿನ ಡಬ್ಬಿಯನ್ನು ಅಲ್ಲಾಡಿಸಿ ಕತ್ತಲಿಗೆ ಎಸೆಯುತ್ತಾನೆ. ಮೊದಲ ಸಲ ನನಗೆ ಅದು ಬರೀ ಡಬ್ಬಿ. ಎರಡನೇ ಸಲ ಆ ಲೊಟಲೊಟ ಸದ್ದನ್ನು ಕೇಳಲಾರದೆ ರಿಮೋಟ್ ಹುಡುಕಿದೆ.

ಮುಂದಿನ ಭಾನುವಾರ ಅವ್ವ ತಾನಾಗಿಯೇ ಟೀವಿ ಮುಂದೆ ಬಂದು ಕೂತಳು. "ಆ ಡಬ್ಬಿ ಹುಡುಗೀದು ಬ್ಯಾಡ. ಬ್ಯಾರೆ ಏನರ ಹಚ್ಚು" ಅಂದಳು. 'ಟೊಟೊರೊ' ಹಾಕಿದೆ. ಜಪಾನಿನಲ್ಲಿ 1988ರ ಏಪ್ರಿಲ್ 16ರಂದು ಈ ಎರಡೂ ಚಿತ್ರಗಳನ್ನು ಜೊತೆಯಾಗಿಯೇ ಬಿಡುಗಡೆ ಮಾಡಿದ್ದರು, ಒಂದರ ಹಿಂದೆ ಒಂದು ನೋಡಲಿ ಅಂತ. ನೀವೂ ಎರಡನ್ನೂ ಒಟ್ಟಿಗೆ ನೋಡುವುದಾದರೆ ಅಳಿಸುವುದನ್ನು ಮೊದಲು ನೋಡಿ, ಇದನ್ನು ಆಮೇಲೆ. ಮಳೆಯಲ್ಲಿ ಹುಡುಗಿಯರು ಅಪ್ಪನಿಗಾಗಿ ಬಸ್ ಸ್ಟಾಪಿನಲ್ಲಿ ಕಾಯುವಾಗ ಅವ್ವ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಹನ್ನೆರಡು ಕಾಲಿನ ಬೆಕ್ಕು ಬಸ್ಸಾಗಿ ಬಂದು ನಿಂತು, ಹಲ್ಲು ಕಿರಿದು, ಬಾಗಿಲು ತೆರೆಯಿತು. ಅವ್ವ ಜೋರಾಗಿ ನಕ್ಕುಬಿಟ್ಟಳು.

"ನಮ್ಮೂರ ಬಸ್ಸಿಗಿಂತ ಇದ ಚಲೋ ಐತಿ ನೋಡು. ಕೈ ಮಾಡಿದ್ರ ನಿಂದರತೈತಿ."